ಗಿರಣಿಯ ಷಾಫ್ಟು ಏಕೆ ಮುರಿಯಿತು?

ಕೆಲವು ವರ್ಷಗಳ ಹಿಂದೆ, ನಮಗೆ ಪರಿಚಯವಿದ್ದ ಹಿಟ್ಟಿನ ಗಿರಣಿಯೊಂದರಲ್ಲಿ ಒಂದು ಸಂಜೆ ಷಾಫ್ಟು ಮುರಿದುಬಿತ್ತು. ರಾಟೆಯನ್ನು ಹೊತ್ತಿದ್ದ ತುಂಡು ಹಾರಿಹೋಗಿ ಗೋಡೆಗೆ ಬಡಿದು ಗಾರೆಯನ್ನು ಕಿತ್ತಿತ್ತು. ಅದಕ್ಕೆ ಕಾಲು ಗಂಟೆಗೆ ಮುಂಚೆ ಆ ಗೋಡೆಗೇ ಒರಗಿಕೊಂಡು ರಾಗಿಯ ಚೀಲಗಳೊಡನೆ ಮೂವರು ಹೆಂಗಸರು ಕುಳಿತಿದ್ದರಂತೆ. ಗಿರಣಿಯ ಯಜಮಾನರು ಮರುದಿನ ಬೆಳಗ್ಗೆ ಮುರಿದ ತುಂಡನ್ನು ಗೋಣಿತಾಟಿನಲ್ಲಿ ಸುತ್ತಿಕೊಂಡು ನಮ್ಮ ಪ್ರಯೋಗಶಾಲೆಗೆ ಬಂದರು.

“ಮೇಷ್ಟ್ರೆ, ಮೋಟಾರು ಅದೇ, ಬೀಸುವ ಯಂತ್ರ ಅದೇ, ಷಾಫ್ಟೂ ಅದೇ. ಹತ್ತು ವರ್ಷ ದುಡಿದದ್ದು ಈಗ ಮುರಿಯುವುದಕ್ಕೆ ಇದಕ್ಕೇನು ರೋಗ ಬಂತು?” ಎಂಬುದು ಅವರ ಪ್ರಶ್ನೆ. ಲೇತಿನ ಕೆಲಸದವನು ನೋಡಿ, “ಕಬ್ಬಿಣ ಹಳಸಿಹೋಗಿದೆ” ಎಂದಿದ್ದನಂತೆ.

ವಿಚಾರಿಸಿದಾಗ ಒಂದು ಸಂಗತಿ ಹೊರಬಿದ್ದಿತು. ಹಿಟ್ಟಿನ ಧೂಳು ಮೋಟಾರಿನೊಳಕ್ಕೆ ಸೇರುತ್ತದೆಂದು ಆರು ವಾರಗಳ ಹಿಂದೆ ಮೋಟಾರನ್ನು ಪಕ್ಕದ ಕೋಣೆಗೆ ಸಾಗಿಸಿದ್ದರು. ಗೋಡೆಯಲ್ಲಿ ಕೊರೆದ ಕಂಡಿಯ ಮೂಲಕ ಬೆಲ್ಟು ಹಾದುಬರಬೇಕಾಗಿದ್ದುದರಿಂದ, ಎರಡು ಬೇರಿಂಗುಗಳ ನಡುವೆ ಇದ್ದ ರಾಟೆಯನ್ನು ಕಳಚಿ, ಬೇರಿಂಗಿನಿಂದ ಹೊರಕ್ಕೆ ಚಾಚಿಕೊಂಡಿದ್ದ ಷಾಫ್ಟಿನ ತುದಿಗೆ ಕೂರಿಸಿದ್ದರು. ಒಟ್ಟು ನಲವತ್ತು ಸೆಂಟಿಮೀಟರುಗಳ ಸ್ಥಳಾಂತರ. ಯಜಮಾನರು ಇದನ್ನು ಹೇಳಲೇಬೇಕಾದ ಸಂಗತಿಯೆಂದು ಭಾವಿಸಿರಲಿಲ್ಲ. ನಾವು ಕೇಳಿದ ಮೇಲೆ ನೆನಪಿಸಿಕೊಂಡು ಹೇಳಿದರು. ಆದರೆ ಷಾಫ್ಟಿನ ರೋಗವೆಲ್ಲ ಅಡಗಿದ್ದುದು ಈ ನಲವತ್ತು ಸೆಂಟಿಮೀಟರುಗಳಲ್ಲಿಯೇ. ಅದು ಹೇಗೆಂಬುದನ್ನು ಲೆಕ್ಕದಿಂದಲೇ ಕಂಡುಕೊಳ್ಳಬಹುದು. ಪ್ರೌಢಶಾಲೆಯಲ್ಲಿ ಕಲಿತ ಸನ್ನೆಯ ತತ್ತ್ವ ಮತ್ತು ಪೈಥಾಗೊರಸನ ಪ್ರಮೇಯ, ಇವೆರಡು ಗೊತ್ತಿದ್ದರೆ ಇದಕ್ಕೆ ಸಾಕು.

ಮೊದಲು ಯಂತ್ರದ ವಿವರಗಳನ್ನು ಗಮನಿಸೋಣ. ಮೋಟಾರಿನ ಸಾಮರ್ಥ್ಯ 10 ಅಶ್ವಶಕ್ತಿ, ಅಂದರೆ 7,460 ವಾಟ್. ಷಾಫ್ಟು ನಿಮಿಷಕ್ಕೆ 480 ಸುತ್ತು, ಎಂದರೆ ಸೆಕೆಂಡಿಗೆ 8 ಸುತ್ತು ತಿರುಗುತ್ತದೆ. ಅದರ ವ್ಯಾಸ 35 ಮಿಲಿಮೀಟರು. ಮೋಟಾರಿನ ಬೆಲ್ಟನ್ನು ಹಿಡಿಯುವ ರಾಟೆಯ ವ್ಯಾಸ 450 ಮಿಲಿಮೀಟರು. ಗಿರಣಿಯವರು ಇದನ್ನು ಪುಲ್ಲಿ ಎನ್ನುತ್ತಾರೆ. ಷಾಫ್ಟನ್ನು ಹೊತ್ತಿರುವ ಎರಡು ಬೇರಿಂಗುಗಳ ನಡುವಣ ದೂರ 900 ಮಿಲಿಮೀಟರು. ರಾಟೆಯ ಕಡೆಯ ಬೇರಿಂಗನ್ನು ಬಲ ಬೇರಿಂಗೆಂದೂ, ಇನ್ನೊಂದನ್ನು ಎಡ ಬೇರಿಂಗೆಂದೂ ಕರೆಯೋಣ. ಷಾಫ್ಟಿನ ಎಡ ತುದಿಯನ್ನು ಬೀಸುವ ಯಂತ್ರಕ್ಕೆ ನೇರವಾಗಿ ಜೋಡಿಸಲಾಗಿತ್ತು.

ಈ ವಿವರಗಳನ್ನು ನಮ್ಮ ಬಿ.ಎಸ್‌ಸಿ. ವಿದ್ಯಾರ್ಥಿಗಳಿಗೆ ಕೊಟ್ಟು, ಷಾಫ್ಟು ಎಷ್ಟು ದಪ್ಪವಿರಬೇಕೆಂದು ಕೇಳಿದೆವು. ಎಲ್ಲರೂ ತಿರುಚುವಿಕೆಯ ಲೆಕ್ಕವನ್ನೇ ಮಾಡಿದರು. ಅದು ಸ್ವಾಭಾವಿಕ, ಷಾಫ್ಟಿನ ಕೆಲಸವೇ ಒಂದು ತುದಿಯಲ್ಲಿ ಪಡೆದ ತಿರುಗುಬಲವನ್ನು ಇನ್ನೊಂದು ತುದಿಗೆ ಮುಟ್ಟಿಸುವುದಲ್ಲವೆ? ಸಾಮರ್ಥ್ಯವನ್ನು ಕೋನವೇಗದಿಂದ ಭಾಗಿಸಿದರೆ ತಿರುಚು ಭ್ರಾಮಕ ದೊರೆಯುತ್ತದೆ. ಸೆಕೆಂಡಿಗೆ 8 ಸುತ್ತುಗಳೆಂದರೆ ಸುಮಾರು 50.3 ರೇಡಿಯನ್. 7,460ನ್ನು 50.3ರಿಂದ ಭಾಗಿಸಿದರೆ 148 ನ್ಯೂಟನ್‌-ಮೀಟರು.

ವೇಗ ಹೆಚ್ಚಿದಷ್ಟೂ ತಿರುಚು ಭ್ರಾಮಕ ಕಡಮೆಯಾಗುವುದೆಂಬುದನ್ನು ಇಲ್ಲಿಯೇ ಗಮನಿಸಬೇಕು. ಈ ಸಣ್ಣ ಭಾಗಾಕಾರವು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಹತ್ತಿ ಗಿರಣಿಗಳ ರೂಪವನ್ನೇ ಬದಲಾಯಿಸಿತು. ಮ್ಯಾಂಚೆಸ್ಟರಿನಲ್ಲಿ ಆಗ ಎರಕದ ಕಬ್ಬಿಣದ ಭಾರಿ ಚೌಕ ಷಾಫ್ಟುಗಳು ದೊಡ್ಡ ದೊಡ್ಡ ಮರದ ಪೀಪಾಯಿಗಳನ್ನು ಹೊತ್ತು ನಿಮಿಷಕ್ಕೆ ನಲವತ್ತು ಸುತ್ತಿನಂತೆ ತೆವಳುತ್ತಿದ್ದುವು. ವಿಲಿಯಂ ಫೇರ್‌ಬೇರ್ನ್ ಎಂಬ ಶಿಲ್ಪಿ ಅವುಗಳನ್ನು ಕಿತ್ತು ಹಾಕಿ, ತೆಳುವಾದ ಷಾಫ್ಟುಗಳನ್ನು ಹೆಚ್ಚಿನ ವೇಗದಲ್ಲಿ ಓಡಿಸಿದನು. ಕೆಲಸ ಅಷ್ಟೇ ನಡೆಯಿತು, ಕಬ್ಬಿಣ ಉಳಿಯಿತು.

ಮತ್ತೆ ನಮ್ಮ ಲೆಕ್ಕಕ್ಕೆ ಬರೋಣ. ತಿರುಚಿದ ಗುಂಡು ಸರಳಿನ ಮೈಮೇಲೆ ಉಂಟಾಗುವ ಪೀಡನವು ತಿರುಚು ಭ್ರಾಮಕದ 16ರಷ್ಟನ್ನು 3.14 ಮತ್ತು ವ್ಯಾಸದ ಘನ, ಇವುಗಳ ಗುಣಲಬ್ಧದಿಂದ ಭಾಗಿಸಿದರೆ ಬರುವ ಮೊತ್ತಕ್ಕೆ ಸಮ. ತಂತಿಗಳ ತಿರುಚುವಿಕೆಯನ್ನು 1784ರಲ್ಲಿ ಅಳೆದು ಇಂತಹ ಲೆಕ್ಕಗಳಿಗೆ ತಳಹದಿಯನ್ನು ಹಾಕಿದವನು ಕೂಲಂಬ್. ವಿದ್ಯುತ್ತಿನ ಪಾಠದಲ್ಲಿ ನೀವು ಕಂಡ ಕೂಲಂಬನೇ ಈತ. ಆವೇಶಗಳ ನಡುವಣ ಬಲವನ್ನು ಆತ ಅಳೆದದ್ದು ತಿರುಚಿದ ತಂತಿಯಿಂದಲೇ. ರಾಟೆಯನ್ನು ಬಿಗಿಯಲು ಗಾಡಿ ಕೊರೆದಿರುವ ಸಾಮಾನ್ಯ ಉಕ್ಕಿನ ಷಾಫ್ಟಿನಲ್ಲಿ ಈ ಪೀಡನವು ಚದರ ಮಿಲಿಮೀಟರಿಗೆ 40 ನ್ಯೂಟನ್ ಮೀರದಂತೆ ನೋಡಿಕೊಳ್ಳುವುದು ರೂಢಿ. ಆ ಪ್ರಕಾರ ಬರುವ ವ್ಯಾಸ 27 ಮಿಲಿಮೀಟರು. “ಷಾಫ್ಟು 35 ಮಿಲಿಮೀಟರು ಇದೆ, ಆದುದರಿಂದ ಧಾರಾಳವಾಗಿ ಸುರಕ್ಷಿತ” ಎಂದು ವಿದ್ಯಾರ್ಥಿಗಳು ಬರೆದುಕೊಟ್ಟರು. ಮುರಿದ ತುಂಡು ಅವರ ಎದುರಿಗೆ ಮೇಜಿನ ಮೇಲೆಯೇ ಇತ್ತು!

ಲೆಕ್ಕ ತಪ್ಪಲ್ಲ, ಅದು ಅರ್ಧ ಲೆಕ್ಕ. ಬೆಲ್ಟು ರಾಟೆಯನ್ನು ತಿರುಗಿಸುವುದಷ್ಟೇ ಅಲ್ಲದೆ, ಷಾಫ್ಟನ್ನು ತನ್ನ ಕಡೆಗೆ ಎಳೆಯುತ್ತಲೂ ಇರುತ್ತದೆ. ಬೆಲ್ಟಿನ ಎರಡು ಬದಿಗಳಲ್ಲಿ ಒಂದು ಬಿಗಿ, ಇನ್ನೊಂದು ಸಡಿಲ. ರಾಟೆಯನ್ನು ತಿರುಗಿಸುವುದು ಈ ಎರಡು ಎಳೆತಗಳ ವ್ಯತ್ಯಾಸ. 148ನ್ನು ರಾಟೆಯ ತ್ರಿಜ್ಯವಾದ 0.225 ಮೀಟರಿನಿಂದ ಭಾಗಿಸಿದರೆ ಈ ವ್ಯತ್ಯಾಸ ಸುಮಾರು 660 ನ್ಯೂಟನ್ ಎಂದು ತಿಳಿಯುತ್ತದೆ. ಸಡಿಲ ಬದಿ ಪೂರ್ತಿ ಸಡಿಲವಾಗಿದ್ದರೆ ಬೆಲ್ಟು ಜಾರಿಹೋಗುವುದು. ಆದುದರಿಂದ ಅಲ್ಲಿಯೂ ಸ್ವಲ್ಪ ಎಳೆತ ಬೇಕು. ಚಪ್ಪಟೆ ಬೆಲ್ಟಿನಲ್ಲಿ ಬಿಗಿ ಬದಿಯ ಎಳೆತ ಸಡಿಲ ಬದಿಯ ಎರಡೂವರೆ ಪಟ್ಟು ಎಂದಿಟ್ಟುಕೊಳ್ಳಬಹುದು. ಹಾಗಾದರೆ ಒಂದು ಬದಿಯಲ್ಲಿ 1,100, ಇನ್ನೊಂದರಲ್ಲಿ 440 ನ್ಯೂಟನ್.

ಇಲ್ಲಿ ಸೂಕ್ಷ್ಮವೊಂದಿದೆ. ರಾಟೆ ತಿರುಗುವುದು ಇವುಗಳ ವ್ಯತ್ಯಾಸದಿಂದ. ಆದರೆ ಷಾಫ್ಟು ಬಾಗುವುದು ಇವುಗಳ ಮೊತ್ತದಿಂದ. ಎರಡು ಬದಿಗಳೂ ಷಾಫ್ಟನ್ನು ಒಂದೇ ದಿಕ್ಕಿಗೆ ಎಳೆಯುತ್ತವಲ್ಲವೆ? ಮೊತ್ತ 1,540 ನ್ಯೂಟನ್. ಇದು ಮೋಟಾರಿನ ಕಡೆಗೆ, ಅಡ್ಡಲಾಗಿ. ರಾಟೆಯ ತೂಕ ಸುಮಾರು 300 ನ್ಯೂಟನ್, ಅದು ಕೆಳಕ್ಕೆ. ಇವೆರಡೂ ಲಂಬಕೋನದಲ್ಲಿರುವುದರಿಂದ ಪೈಥಾಗೊರಸನ ಪ್ರಮೇಯದಂತೆ ಕೂಡಿಸಿದರೆ 1,570 ನ್ಯೂಟನ್ ಆಗುತ್ತದೆ. ಐವತ್ತು ಕಿಲೋಗ್ರಾಂ ಅಕ್ಕಿಯ ಮೂರು ಮೂಟೆಗಳನ್ನು ಷಾಫ್ಟಿಗೆ ನೇತುಹಾಕಿದರೆ ಆಗುವ ಭಾರಕ್ಕಿಂತಲೂ ಇದು ಹೆಚ್ಚು. ಷಾಫ್ಟಿನ ಸ್ವಂತ ತೂಕ ಇದರ ಮುಂದೆ ಅಲ್ಪವಾದುದರಿಂದ ಅದನ್ನು ಬಿಟ್ಟುಬಿಡೋಣ.

ಬಲವು ಎಷ್ಟೆಂಬುದು ತಿಳಿಯಿತು. ಅದು ಬೀಳುವ ಸ್ಥಳವು ಯಾವುದೆಂಬುದೇ ಮುಖ್ಯ ಪ್ರಶ್ನೆ. ಮೊದಲು ರಾಟೆಯು ಬಲ ಬೇರಿಂಗಿನಿಂದ 150 ಮಿಲಿಮೀಟರು ಒಳಗಡೆ ಇದ್ದಿತು. ಆಗ ಭಾರವನ್ನು ಎರಡು ಬೇರಿಂಗುಗಳೂ ಹಂಚಿಕೊಳ್ಳುತ್ತಿದ್ದುವು: ಬಲ ಬೇರಿಂಗಿಗೆ ಸುಮಾರು 1,308, ಎಡಕ್ಕೆ 262 ನ್ಯೂಟನ್. ರಾಟೆಯಿದ್ದ ಸ್ಥಳದಲ್ಲಿ ಬಾಗು ಭ್ರಾಮಕವು ಬಲ ಬೇರಿಂಗಿನ 1,308 ನ್ಯೂಟನ್ನನ್ನು ಅದರ ದೂರವಾದ 0.15 ಮೀಟರಿನಿಂದ ಗುಣಿಸಿದಷ್ಟು, ಅಂದರೆ 196 ನ್ಯೂಟನ್‌-ಮೀಟರು. ಅಲ್ಲಿಂದ ಎರಡು ಕಡೆಗೂ ಅದು ಇಳಿಯುತ್ತ ಹೋಗಿ ಬೇರಿಂಗುಗಳ ಮಧ್ಯಬಿಂದುಗಳಲ್ಲಿ ಸೊನ್ನೆಯಾಗುತ್ತಿದ್ದಿತು.

ಸ್ಥಳಾಂತರದ ಅನಂತರ ರಾಟೆಯು ಬಲ ಬೇರಿಂಗಿನಿಂದ 250 ಮಿಲಿಮೀಟರು ಹೊರಗೆ ತೂಗಾಡತೊಡಗಿತು. ಈಗ ಷಾಫ್ಟು ಏತದ ಮರದಂತೆ. ಬಲ ಬೇರಿಂಗು ಅದರ ಆನಿಕೆ. ಒಂದು ತುದಿಯನ್ನು ಬೆಲ್ಟು ಎಳೆಯುತ್ತಿರುವಾಗ ಇನ್ನೊಂದು ತುದಿಯನ್ನು ಎಡ ಬೇರಿಂಗು ಹಿಡಿದು ನಿಲ್ಲಿಸಬೇಕು. ಎಡ ಬೇರಿಂಗಿನ ಬಲ ಈಗ ತಿರುಗುಮುರುಗಾಗಿ 436 ನ್ಯೂಟನ್. ಬಲ ಬೇರಿಂಗಿನ ಮೇಲಿನ ಹೊರೆ ಬೆಲ್ಟಿನ ಎಳೆತವನ್ನೂ ಮೀರಿ 2,006 ನ್ಯೂಟನ್ನಿಗೆ ಏರುತ್ತದೆ. ಬಾಗು ಭ್ರಾಮಕವು 1,570ನ್ನು 0.25ರಿಂದ ಗುಣಿಸಿದಷ್ಟು, ಎಂದರೆ 392 ನ್ಯೂಟನ್‌-ಮೀಟರು. ಮೋಟಾರು, ಬೆಲ್ಟು, ವೇಗ ಯಾವುದೂ ಬದಲಾಗದೆ ಬಾಗು ಭ್ರಾಮಕ ಇಮ್ಮಡಿಯಾಯಿತು.

ಇಮ್ಮಡಿಯಾದದ್ದು ಒಂದು ಸಂಗತಿ. ಅದು ಜಾಗ ಬದಲಿಸಿದ್ದು ಇನ್ನೂ ದೊಡ್ಡ ಸಂಗತಿ. ಮುಂಚೆ ಬಲ ಬೇರಿಂಗಿನ ಬಳಿ ಷಾಫ್ಟು ಬಾಗುತ್ತಲೂ ಇರಲಿಲ್ಲ, ತಿರುಚಿಕೊಳ್ಳುತ್ತಲೂ ಇರಲಿಲ್ಲ. ಏಕೆಂದರೆ ತಿರುಗುಬಲವು ರಾಟೆಯಿಂದ ಎಡಕ್ಕೆ ಹರಿಯುತ್ತಿದ್ದಿತು. ಅದು ಷಾಫ್ಟಿನ ಅತ್ಯಂತ ನೆಮ್ಮದಿಯ ಸ್ಥಳ. ಈಗ ಅದೇ ಸ್ಥಳದಲ್ಲಿ ಬಾಗು ಭ್ರಾಮಕವೂ ಗರಿಷ್ಠ, ತಿರುಚು ಭ್ರಾಮಕವೂ ಪೂರ್ಣ.

ಬಾಗುವಿಕೆ, ತಿರುಚುವಿಕೆ ಎರಡೂ ಇರುವಾಗ ಷಾಫ್ಟಿನ ದಪ್ಪವನ್ನು ಗೊತ್ತುಮಾಡುವುದು ಹೇಗೆ? ಎರಡನ್ನೂ ಸುಮ್ಮನೆ ಕೂಡಿಸುವಂತಿಲ್ಲ. ಲೋಹವು ಸೋಲುವುದು ಅದರೊಳಗಣ ಪದರಗಳು ಒಂದರ ಮೇಲೊಂದು ಜಾರುವಂತೆ ಮಾಡುವ ಪೀಡನದ ಗರಿಷ್ಠ ಮೊತ್ತದಿಂದ ಎಂಬ ತತ್ತ್ವವನ್ನು ಫ್ರಾನ್ಸಿನ ಟ್ರೆಸ್ಕಾ 1864ರಲ್ಲಿ ಮುಂದಿಟ್ಟನು. ಅದರಂತೆ ಲೆಕ್ಕ ಹಾಕಿದರೆ, ಬಾಗು ಭ್ರಾಮಕ ಮತ್ತು ತಿರುಚು ಭ್ರಾಮಕಗಳನ್ನು ಲಂಬಕೋನ ತ್ರಿಭುಜದ ಎರಡು ಭುಜಗಳೆಂದು ಭಾವಿಸಿ ಕರ್ಣವನ್ನು ಕಂಡುಹಿಡಿಯಬೇಕಾಗುವುದು. ತಿರುಚುವಿಕೆಯ ಸೂತ್ರದಲ್ಲಿ ತಿರುಚು ಭ್ರಾಮಕಕ್ಕೆ ಬದಲು ಈ ಕರ್ಣವನ್ನಿಟ್ಟರೆ ಆಯಿತು. ಅಮೆರಿಕದಲ್ಲಿ 1927ರಲ್ಲಿ ಹೊರಬಂದ ಷಾಫ್ಟುಗಳ ನಿಯಮಾವಳಿಯು ಇದಕ್ಕೆ ಒಂದು ತಿದ್ದುಪಡಿಯನ್ನು ಸೇರಿಸಿತು. ಷಾಫ್ಟು ತಿರುಗುತ್ತಿರುವಾಗ, ಹೊರೆ ಸ್ಥಿರವಾಗಿದ್ದರೂ, ಬಾಗು ಭ್ರಾಮಕವನ್ನು ಒಂದೂವರೆ ಪಟ್ಟು ಮಾಡಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಈ ಒಂದೂವರೆಯ ಮರ್ಮವನ್ನು ಮುಂದೆ ನೋಡೋಣ.

ಹಳೆಯ ಏರ್ಪಾಡಿನಲ್ಲಿ 196ರ ಒಂದೂವರೆ ಪಟ್ಟು 294. ಅದು ಮತ್ತು 148, ಇವುಗಳ ಕರ್ಣ 329. ಇದಕ್ಕೆ ಬೇಕಾದ ವ್ಯಾಸ 34.7 ಮಿಲಿಮೀಟರು. ಷಾಫ್ಟು 35 ಮಿಲಿಮೀಟರು ಇದ್ದಿತು! ಮೊದಲು ಅದನ್ನು ಕೂರಿಸಿದ ಪುಣ್ಯಾತ್ಮನು ಲೆಕ್ಕ ಬಲ್ಲವನಾಗಿದ್ದನೆಂದೇ ನಾವು ಊಹಿಸಬೇಕು. ಹೊಸ ಏರ್ಪಾಡಿನಲ್ಲಿ ಕರ್ಣ 607 ಆಗಿ, ಬೇಕಾದ ವ್ಯಾಸ 42.6ಕ್ಕೆ ಏರುತ್ತದೆ. ಅಂಗಡಿಯಲ್ಲಿ ಸಿಗುವ ಅಳತೆಯಂತೆ 45 ಮಿಲಿಮೀಟರಿನ ಷಾಫ್ಟು ಬೇಕಾಗಿದ್ದಿತು.

ಇಷ್ಟಕ್ಕೆ ಬುದ್ಧಿವಂತನಾದ ವಿದ್ಯಾರ್ಥಿಯೊಬ್ಬನು ಆಕ್ಷೇಪವೆತ್ತಿದನು. ಬಾಗು ಭ್ರಾಮಕ 392 ಇದ್ದಾಗ 35 ಮಿಲಿಮೀಟರಿನ ಷಾಫ್ಟಿನ ಮೈಮೇಲೆ ಉಂಟಾಗುವ ಎಳೆತದ ಪೀಡನ ಚದರ ಮಿಲಿಮೀಟರಿಗೆ 93 ನ್ಯೂಟನ್ ಮಾತ್ರ. ಮೃದು ಉಕ್ಕು ಶಾಶ್ವತವಾಗಿ ಬಾಗಬೇಕಾದರೆ ಸುಮಾರು 250 ಬೇಕು, ತುಂಡಾಗಬೇಕಾದರೆ 400. ಹೀಗಿರುವಲ್ಲಿ 93ಕ್ಕೇ ಮುರಿದದ್ದೇಕೆ? ಮುರಿದ ತುಂಡು ಸ್ವಲ್ಪವೂ ಬಾಗದೆ ಸೀಮೆಸುಣ್ಣದ ಕಡ್ಡಿಯಂತೆ ನೇರವಾಗಿ ತುಂಡಾಗಿರುವುದಾದರೂ ಹೇಗೆ?

ಈ ಪ್ರಶ್ನೆಗೆ ಉತ್ತರ “ತಿರುಗುವ” ಎಂಬ ವಿಶೇಷಣದಲ್ಲಿದೆ. ಪ್ರಯೋಗಶಾಲೆಯಲ್ಲಿರುವ ದಪ್ಪ ರಬ್ಬರು ನಳಿಗೆಯ ಒಂದು ಗೇಣುದ್ದದ ತುಂಡನ್ನು ತೆಗೆದುಕೊಳ್ಳಿ. ಅದರ ಮೈಮೇಲೆ ಒಂದೇ ಕಡೆ, ಹತ್ತಿರ ಹತ್ತಿರವಾಗಿ ಶಾಯಿಯ ಎರಡು ಗೆರೆಗಳನ್ನು ಅಡ್ಡಲಾಗಿ ಎಳೆಯಿರಿ. ಎರಡು ತುದಿಗಳನ್ನೂ ಬೆರಳುಗಳಲ್ಲಿ ಹಿಡಿದು ಬಿಲ್ಲಿನಂತೆ ಬಾಗಿಸಿ, ಆ ಬಾಗನ್ನು ಹಾಗೆಯೇ ಉಳಿಸಿಕೊಂಡು ನಳಿಗೆಯನ್ನು ಬೆರಳುಗಳ ನಡುವೆ ಹೊರಳಿಸಿರಿ. ಗೆರೆಗಳು ಬಿಲ್ಲಿನ ಹೊರಮೈಗೆ ಬಂದಾಗ ಒಂದರಿಂದೊಂದು ದೂರ ಸರಿಯುತ್ತವೆ. ಒಳಮೈಗೆ ಹೋದಾಗ ಒತ್ತೊತ್ತಾಗುತ್ತವೆ. ಬಾಗು ಬದಲಾಗಲಿಲ್ಲ; ಆದರೂ ನಳಿಗೆಯ ಮೈಮೇಲಿನ ಪ್ರತಿಯೊಂದು ಬಿಂದುವೂ ಒಂದು ಸುತ್ತಿನಲ್ಲಿ ಒಂದು ಸಲ ಎಳೆತಕ್ಕೂ ಒಂದು ಸಲ ಒತ್ತಡಕ್ಕೂ ಸಿಕ್ಕಿತು. ಗಿರಣಿಯ ಷಾಫ್ಟಿನಲ್ಲಿ ಇದು ಗಂಟೆಗೆ 28,800 ಸಲ ನಡೆಯುತ್ತದೆ. ಪಿನ್ನಿನ ತಂತಿಯನ್ನು ಅತ್ತಿತ್ತ ಬಾಗಿಸಿ ಮುರಿಯುವುದು ನಮಗೆಲ್ಲ ಗೊತ್ತು. ಷಾಫ್ಟಿನಲ್ಲಿ ಬಾಗು ಕಣ್ಣಿಗೆ ಕಾಣದಷ್ಟು ಸಣ್ಣದಾದರೂ ನಡೆಯುವ ಕ್ರಿಯೆ ಅದೇ ಜಾತಿಯದು.

ಎತ್ತಿನ ಗಾಡಿಯ ಅಚ್ಚಿಗೆ ಈ ಕಷ್ಟವಿಲ್ಲ. ಅಲ್ಲಿ ಅಚ್ಚು ನಿಂತಿರುತ್ತದೆ, ಗಾಲಿ ಮಾತ್ರ ತಿರುಗುತ್ತದೆ. ಅಚ್ಚಿನ ಕೆಳಮೈ ಯಾವಾಗಲೂ ಕೆಳಮೈಯೇ. ರೈಲಿನಲ್ಲಿ ಅಚ್ಚೂ ಗಾಲಿಯೊಡನೆ ತಿರುಗುತ್ತದೆ. ಗಾಡಿ ಮಾಡುವವರ ಅನುಭವವನ್ನು ನಂಬಿ ರೈಲಿಗೆ ಇಳಿದ ಜಗತ್ತು ಈ ವ್ಯತ್ಯಾಸವನ್ನು ಕಲಿತದ್ದು ಬಹಳ ಬೆಲೆ ತೆತ್ತು. 1842ರ ಮೇ 8ರಂದು ವರ್ಸೇಲ್ಸಿನಿಂದ ಪ್ಯಾರಿಸಿಗೆ ಮರಳುತ್ತಿದ್ದ ರೈಲಿನ ಎಂಜಿನ್ನಿನ ಅಚ್ಚು ಮುರಿದು, ಹಿಂದಿನ ಬಂಡಿಗಳು ಒಂದರ ಮೇಲೊಂದು ಏರಿ ಬೆಂಕಿ ಹತ್ತಿಕೊಂಡು, ಐವತ್ತಕ್ಕೂ ಹೆಚ್ಚು ಜನ ಸತ್ತರು. ದಕ್ಷಿಣ ಧ್ರುವ ಪ್ರದೇಶವನ್ನು ಶೋಧಿಸಿ ಬಂದಿದ್ದ ನಾವಿಕ ದ್ಯುಮೋಂ ದ್ಯುರ್ವಿಲ್ ಹೆಂಡತಿ ಮಗನೊಡನೆ ಅದರಲ್ಲಿ ಮಡಿದನು. ಬಳಕೆಯ ಅದುರಿಗೆ ಕಬ್ಬಿಣ ಹರಳುಗಟ್ಟಿ ಪೆಡಸಾಗುತ್ತದೆಂದು ಆ ಕಾಲದ ಹಲವರು ನಂಬಿದ್ದರು. ನಮ್ಮ ಲೇತಿನವನ “ಹಳಸಿದ ಕಬ್ಬಿಣ”ವೂ ಅದೇ ನಂಬಿಕೆ. ಕಬ್ಬಿಣ ಹೊಸದಾಗಿರುವಾಗಲೂ ಹರಳುಗಳಿಂದಲೇ ಆಗಿರುತ್ತದೆ. ಮುರಿದಾಗ ಅವು ಕಣ್ಣಿಗೆ ಬೀಳುತ್ತವೆ, ಅಷ್ಟೆ. 1843ರಲ್ಲಿ ರ‍್ಯಾಂಕಿನ್ ಎಂಬ ತರುಣನು ಮುರಿದ ಅಚ್ಚುಗಳನ್ನು ಪರೀಕ್ಷಿಸಿ, ದಪ್ಪ ಬದಲಾಗುವ ಮೂಲೆಗಳಲ್ಲಿ ಬಿರುಕು ಹುಟ್ಟಿ ಮೆಲ್ಲಮೆಲ್ಲನೆ ಒಳಕ್ಕೆ ಸಾಗುತ್ತದೆಂದು ತೋರಿಸಿದನು. ಅನಂತರ ಜರ್ಮನಿಯ ರೈಲ್ವೆ ಶಿಲ್ಪಿ ಆಗಸ್ಟ್ ವೋಲರ್, ಭಾರ ಹೊತ್ತ ಸರಳುಗಳನ್ನು ಲಕ್ಷಾಂತರ ಸುತ್ತು ತಿರುಗಿಸುವ ಯಂತ್ರವನ್ನು ಕಟ್ಟಿ, ವರ್ಷಗಟ್ಟಲೆ ಪ್ರಯೋಗ ನಡೆಸಿದನು. ಒಮ್ಮೆಗೆ ಹೊರಬಲ್ಲ ಹೊರೆಗಿಂತ ಎಷ್ಟೋ ಕಡಮೆಯಾದ ಹೊರೆಯೂ, ಹಿಂದಕ್ಕೂ ಮುಂದಕ್ಕೂ ಪುನರಾವರ್ತನೆಯಾದಾಗ, ಲೋಹವನ್ನು ಮುರಿಯಬಲ್ಲದು. ಆದರೆ ಉಕ್ಕಿಗೆ ಒಂದು ಮಿತಿಯಿದೆ, ಅದಕ್ಕಿಂತ ಕೆಳಗಿನ ಪೀಡನವನ್ನು ಅದು ಬಹುಕಾಲ ಸಹಿಸಬಲ್ಲದು. ಇದು ಆತನ ಪ್ರಯೋಗಗಳಿಂದ ಹೊರಟ ಫಲ. ಇದನ್ನು ನಾವು ಲೋಹದ ದಣಿವು ಎನ್ನುತ್ತೇವೆ.

ನುಣುಪಾಗಿ ಉಜ್ಜಿದ ಮೃದು ಉಕ್ಕಿನ ಸಣ್ಣ ಸರಳಿನಲ್ಲಿ ಈ ಮಿತಿ ತುಂಡಾಗುವ ಪೀಡನದ ಸುಮಾರು ಅರ್ಧ, ಅಂದರೆ 200. ಷಾಫ್ಟು ಸಣ್ಣ ಸರಳಲ್ಲ; ಅದರ ಮೈ ಲೇತಿನ ಗೀರುಗಳಿಂದ ಕೂಡಿದ್ದು. ಇದಕ್ಕಾಗಿ ಕಾಲು ಭಾಗ ಕಳೆದರೆ 150. ನಮ್ಮ ಮುರಿದ ತುಂಡಿನಲ್ಲಿ ಇನ್ನೊಂದು ವಿಶೇಷವಿತ್ತು. ಷಾಫ್ಟು ಪಕ್ಕಕ್ಕೆ ಸರಿಯದಂತೆ ಬಲ ಬೇರಿಂಗಿನ ಒತ್ತಿಗೆ, ಮೂರು ಸೆಂಟಿಮೀಟರು ಒಳಗಡೆ, ಕಬ್ಬಿಣದ ಬಳೆಯೊಂದನ್ನು ತೊಡಿಸಿ, ಅದರ ತಿರುಪಿನ ಮೊನೆ ಕೂರಲೆಂದು ಷಾಫ್ಟಿನ ಮೈಯಲ್ಲಿ ಸಣ್ಣದೊಂದು ಕುಳಿ ಕೊರೆದಿದ್ದರು. ಹೊಳೆಯ ನಡುವಣ ಬಂಡೆಯ ಪಕ್ಕದಲ್ಲಿ ನೀರು ಒತ್ತರಿಸಿಕೊಂಡು ಹರಿಯುವಂತೆ, ಇಂತಹ ಕುಳಿಯ ಅಂಚಿನಲ್ಲಿ ಪೀಡನ ಒತ್ತರಿಸಿಕೊಂಡು ಇಮ್ಮಡಿಯಾಗುತ್ತದೆ. ಆದುದರಿಂದ ಆ ಸ್ಥಳದಲ್ಲಿ ಷಾಫ್ಟು ತಡೆಯಬಲ್ಲ ಪೀಡನ ಬರಿಯ 75.

ಹಳೆಯ ಏರ್ಪಾಡಿನಲ್ಲಿ ಕುಳಿಯಿದ್ದ ಸ್ಥಳದ ಪೀಡನವನ್ನು ಲೆಕ್ಕ ಹಾಕಿ ನೋಡಿದೆವು. 9 ನ್ಯೂಟನ್ ಬಂದಿತು. ಹೊಸದರಲ್ಲಿ 90! ಹತ್ತು ವರ್ಷ ಯಾರಿಗೂ ತೊಂದರೆ ಕೊಡದೆ ಬಿದ್ದಿದ್ದ ಕುಳಿ, ರಾಟೆಯನ್ನು ಸರಿಸಿದ ದಿನದಿಂದ ಷಾಫ್ಟಿನ ಮರ್ಮಸ್ಥಾನವಾಯಿತು. ದಿನಕ್ಕೆ ಐದು ಗಂಟೆಯಂತೆ, ವಾರಕ್ಕೆ ಆರು ದಿನದಂತೆ, ಆರು ವಾರಗಳಲ್ಲಿ ಷಾಫ್ಟು ಸುಮಾರು 52 ಲಕ್ಷ ಸುತ್ತು ತಿರುಗಿತ್ತು. ದಣಿವಿನ ಮಿತಿಯನ್ನು ತುಸು ಮೀರಿದ ಪೀಡನಕ್ಕೆ ಉಕ್ಕು ಮುರಿಯುವುದು ಇಂತಹ ಸಂಖ್ಯೆಗಳಲ್ಲಿಯೇ. ಮುರಿದ ಮುಖವನ್ನು ಭೂತಗನ್ನಡಿಯಲ್ಲಿ ನೋಡಿದಾಗ ಉಳಿದ ಕಥೆಯೂ ತಿಳಿಯಿತು. ಕುಳಿಯ ಬಳಿಯಿಂದ ಆರಂಭಿಸಿ, ಬೇಸಗೆಯಲ್ಲಿ ಇಳಿಯುತ್ತ ಹೋಗುವ ಕೆರೆಯ ನೀರು ದಂಡೆಯ ಮೇಲೆ ಬಿಟ್ಟ ಗೆರೆಗಳಂತೆ, ಸಾಲುಸಾಲಾಗಿ ನುಣುಪಾದ ಕಮಾನು ಗೆರೆಗಳು. ಕೊನೆಯಲ್ಲಿ, ಕಾಲುಭಾಗಕ್ಕಿಂತ ಕಡಮೆ, ಒರಟಾದ ಹೊಳಪಿನ ಭಾಗ. ಬಿರುಕು ದಿನದಿನವೂ ಮುಂದುವರಿದು, ಉಳಿದಷ್ಟು ಉಕ್ಕು ಆ ಸಂಜೆ ಒಮ್ಮೆಗೇ ಕೈಬಿಟ್ಟಿತ್ತು.

ನಿಯಮಾವಳಿಯ ಒಂದೂವರೆ ಪಟ್ಟಿನ ಮರ್ಮ ಇದೇ. ತಿರುಚು ಭ್ರಾಮಕ ಹೆಚ್ಚು ಕಡಮೆ ಸ್ಥಿರ. ಬಾಗುವಿಕೆಯ ಪೀಡನವಾದರೋ ಸುತ್ತುಸುತ್ತಿಗೂ ದಿಕ್ಕು ಬದಲಿಸುವಂಥದು. ಈಗಿನ ಶಿಲ್ಪಿಗಳು ಇಂತಹ ಒರಟು ಗುಣಕದ ಬದಲು ದಣಿವಿನ ಮಿತಿಯನ್ನೇ ನೇರವಾಗಿ ಲೆಕ್ಕಕ್ಕೆ ತರುತ್ತಾರೆ. ಬೆಲ್ಟಿನ ವಿಚಾರದಲ್ಲಿಯೂ ಒಂದು ಮಾತು. ಬೆಲ್ಟು ಜಾರಿತೆಂದು ಗಿರಣಿಯವರು ಅದನ್ನು ಮನಸ್ವಿಯಾಗಿ ಬಿಗಿಯುವುದುಂಟು. ಎರಡು ಬದಿಗಳಲ್ಲಿಯೂ ತಲಾ 400 ನ್ಯೂಟನ್ ಹೆಚ್ಚಿಸಿದರೆ ವ್ಯತ್ಯಾಸ ಮೊದಲಿನ 660 ಆಗಿಯೇ ಉಳಿಯುವುದು. ಮೊತ್ತ ಮಾತ್ರ 1,540ರಿಂದ 2,340ಕ್ಕೆ ಏರುವುದು. ಬೀಸುವ ಕೆಲಸಕ್ಕೆ ಒಂದು ಕಾಸಿನ ಲಾಭವೂ ಇಲ್ಲ. ಷಾಫ್ಟಿಗೆ ಅರ್ಧದಷ್ಟು ಹೆಚ್ಚು ಹೊರೆ.

ಯಜಮಾನರಿಗೆ ನಾವು ಎರಡು ದಾರಿಗಳನ್ನು ಹೇಳಿದೆವು. ಒಂದು, 45 ಮಿಲಿಮೀಟರಿನ ಷಾಫ್ಟು. ಬಲವು ವ್ಯಾಸದ ಘನದಂತೆ ಹೆಚ್ಚುವುದರಿಂದ ಅದು ಹಳೆಯದಕ್ಕಿಂತ ಎರಡು ಪಟ್ಟಿಗೂ ಮಿಕ್ಕಿ ಗಟ್ಟಿ. ಆದರೆ ಬೇರಿಂಗುಗಳನ್ನು ಬದಲಾಯಿಸಬೇಕು, ರಾಟೆಯ ರಂಧ್ರವನ್ನು ಹಿಗ್ಗಿಸಬೇಕು. ಇನ್ನೊಂದು, ಗೋಡೆಯ ಕಂಡಿಯನ್ನೂ ಮೋಟಾರಿನ ಪೀಠವನ್ನೂ 15 ಸೆಂಟಿಮೀಟರು ಸರಿಸಿ, ರಾಟೆಯನ್ನು ಬೇರಿಂಗಿನಿಂದ 10 ಸೆಂಟಿಮೀಟರಿನಷ್ಟು ಸಮೀಪಕ್ಕೆ ತರುವುದು. ಆಗ ಬಾಗು ಭ್ರಾಮಕ 157ಕ್ಕೆ ಇಳಿದು, 33 ಮಿಲಿಮೀಟರಿನ ಷಾಫ್ಟೇ ಸಾಕಾಗುವುದು. ಅವರು ಎರಡನೆಯದನ್ನು ಆರಿಸಿಕೊಂಡು, ಅದೇ 35 ಮಿಲಿಮೀಟರಿನ ಹೊಸ ಷಾಫ್ಟನ್ನು ಹಾಕಿಸಿದರು. ಬಳೆಗೆ ಕುಳಿ ಕೊರೆಯಬೇಡಿರೆಂದೂ, ಸೀಳಿ ಹಿಡಿಯುವ ಬಳೆಯನ್ನು ತೊಡಿಸಿರೆಂದೂ ಹೇಳಿದ್ದೆವು. ಮುಂದಿನ ವಾರ ಹೋಗಿ ನೋಡಿದಾಗ ರಾಟೆ ಬೇರಿಂಗಿನ ಮಗ್ಗುಲಲ್ಲಿ ತಿರುಗುತ್ತಿದ್ದಿತು. ಬಳೆ ಮಾತ್ರ ಹಳೆಯದೇ; ಅದರ ತಿರುಪಿಗೆ ಹೊಸ ಕುಳಿಯನ್ನೂ ಕೊರೆದಾಗಿತ್ತು. ಮನೆಗೆ ಬಂದು ಲೆಕ್ಕ ಹಾಕಿ ನೋಡಿದೆವು: ಕುಳಿಯ ಬಳಿ ಪೀಡನ 36.